ಪೆಟ್ಟಿಗೆಯೊಳಗೆ ಸುರಿದ ಮಳೆ

2018ರ ನವೆಂಬರ್ ತಿಂಗಳ ಒಂದು ಮಧ್ಯಾಹ್ನ ನೈರೋಬಿಯಿಂದ ನನ್ನ ಮೊಬೈಲಿಗೆ ಹನ್ನೊಂದು ಚಿತ್ರಗಳು ಬಂದವು. ಮೊದಲನೆಯದರಲ್ಲಿ ಬಾಗಿಲು ತೆರೆದ ಒಂದು ಕಂಟೇನರ್. ಎರಡನೆಯದರಲ್ಲಿ ಅದರ ಒಳಛಾವಣಿ, ಅದರ ತುಂಬ ತೂಗಾಡುವ ನೀರಿನ ಹನಿಗಳು. ಉಳಿದವೆಲ್ಲ ನಾವು ಕಳುಹಿಸಿದ್ದ ಸರಕಿನವು: ಬೂಷ್ಟು ಹಿಡಿದ ರಿಜಿಸ್ಟರ್‌ಗಳು, ಉಬ್ಬಿ ಡೊಂಕಾದ ರಟ್ಟಿನ ಫೈಲುಗಳು, ತುಕ್ಕು ಹಿಡಿದ ಪಿನ್ನಿನ ಡಬ್ಬಿಗಳು. ಕೊನೆಯಲ್ಲಿ ಒಂದೇ ಸಾಲಿನ ಪ್ರಶ್ನೆ: ‘ಪೆಟ್ಟಿಗೆ ಸಮುದ್ರಕ್ಕೆ ಬಿದ್ದಿತ್ತೇ?’

ಬಿದ್ದಿರಲಿಲ್ಲ. ಹೊರಗಿನಿಂದ ಒಂದು ಹನಿ ನೀರೂ ಒಳಗೆ ಹೋಗಿರಲಿಲ್ಲ. ಆ ನೀರನ್ನು ಬೆಂಗಳೂರಿನಿಂದ ನಾವೇ ತುಂಬಿ ಕಳುಹಿಸಿದ್ದೆವು. ಇದು ನನಗೆ ಅರ್ಥವಾಗಲು ಕೆಲವು ತಿಂಗಳುಗಳೇ ಬೇಕಾದವು.

ನನ್ನ ತಂದೆ ಅವೆನ್ಯೂ ರಸ್ತೆಯ ಓಣಿಯೊಂದರಲ್ಲಿ ಲೆಕ್ಕದ ಪುಸ್ತಕಗಳ ಅಂಗಡಿ ಇಟ್ಟಿದ್ದವರು. ಕಂಪ್ಯೂಟರ್ ಬಂದ ಮೇಲೆ ಖಾತೆ ಪುಸ್ತಕ ಕೊಳ್ಳುವವರು ಕಡಿಮೆಯಾದರು. ನಾನು ರಾಜಾಜಿನಗರದ ಬಳಿ ಸಣ್ಣದೊಂದು ಘಟಕ ತೆರೆದು ಹಾಜರಿ ಪುಸ್ತಕ, ರಿಜಿಸ್ಟರ್, ಫೈಲುಗಳನ್ನು ತಯಾರಿಸತೊಡಗಿದೆ. ಹೊಲಿಗೆ ಮತ್ತು ಬೈಂಡಿಂಗ್ ಕೆಲಸಕ್ಕೆ ಹದಿನಾಲ್ಕು ಮಂದಿ, ಬಹುಪಾಲು ಮಹಿಳೆಯರು. ನೈರೋಬಿಯಲ್ಲಿ ನೆಲೆಸಿರುವ ಗುಜರಾತಿ ಮೂಲದ ಸಗಟು ವ್ಯಾಪಾರಿಯೊಬ್ಬರು ಕಚೇರಿ ಸಾಮಗ್ರಿಗೆ ಬೇಡಿಕೆ ಸಲ್ಲಿಸಿದಾಗ ನಮಗೆ ಹಬ್ಬವೇ ಆಗಿತ್ತು. ಕೀನ್ಯಾದ ಶಾಲೆಗಳು ಜನವರಿಯಲ್ಲಿ ಹೊಸ ವರ್ಷ ಆರಂಭಿಸುವ ಮುನ್ನ ಸರಕು ಅವರ ಮಳಿಗೆ ತಲುಪಬೇಕಿತ್ತು.

ಇಂಥ ಸರಕಿಗೆ ಸಮುದ್ರವಲ್ಲದೆ ಬೇರೆ ದಾರಿಯಿಲ್ಲ. ಎ4 ಅಳತೆಯ 80 ಜಿಎಸ್‌ಎಂ ಕಾಗದದ ಒಂದು ಹಾಳೆ 5 ಗ್ರಾಂ, ಐನೂರು ಹಾಳೆಯ ರೀಮು ಎರಡೂವರೆ ಕಿಲೋ ತೂಗುತ್ತದೆ. ಬೆಲೆ ಕಡಿಮೆ, ಭಾರ ಹೆಚ್ಚು. ವಿಮಾನದಲ್ಲಿ ಕಿಲೋ ಲೆಕ್ಕದಲ್ಲಿ ಬಾಡಿಗೆ ತೆತ್ತರೆ ಮೂಗಿಗಿಂತ ಮೂಗುತಿ ಭಾರವಾದೀತು. ಹಡಗಿನಲ್ಲಾದರೆ ಇಡೀ ಕಂಟೇನರಿಗೆ ಒಂದು ದರ. 1956ರ ಏಪ್ರಿಲ್ 26ರಂದು ಮಾಲ್ಕಮ್ ಮೆಕ್ಲೀನ್ ಎಂಬ ಅಮೆರಿಕದ ಲಾರಿ ಉದ್ಯಮಿ ‘ಐಡಿಯಲ್ ಎಕ್ಸ್’ ಎಂಬ ಹಡಗಿನಲ್ಲಿ 58 ಲೋಹದ ಪೆಟ್ಟಿಗೆಗಳನ್ನಿರಿಸಿ ನ್ಯೂಅರ್ಕ್‌ನಿಂದ ಹ್ಯೂಸ್ಟನ್‌ಗೆ ಕಳುಹಿಸಿದ. ಕೂಲಿಗಳು ಒಂದೊಂದೇ ಮೂಟೆ ಹೊರುತ್ತಿದ್ದ ಬಂದರುಗಳ ಚಿತ್ರವೇ ಆಮೇಲೆ ಬದಲಾಯಿತು. ರಾಜಾಜಿನಗರದ ಹದಿನಾಲ್ಕು ಮಂದಿಯ ಕೈಕೆಲಸ ಆಫ್ರಿಕಾ ತಲುಪುವಂತಾದದ್ದು ಆ ಪೆಟ್ಟಿಗೆಯಿಂದಲೇ.

ಆದರೆ ಬಾಗಿಲಿಗೆ ಮುದ್ರೆ ಬಿದ್ದ ಮೇಲೆ ಒಳಗೆ ಏನಾಗುತ್ತಿದೆಯೆಂದು ಯಾರೂ ನೋಡುವುದಿಲ್ಲ. ನಮ್ಮ ಕಂಟೇನರ್ ವೈಟ್‌ಫೀಲ್ಡ್‌ನ ಒಣ ಬಂದರಿನಿಂದ ರೈಲಿನಲ್ಲಿ ಚೆನ್ನೈಗೆ, ಅಲ್ಲಿಂದ ಕೊಲಂಬೊಗೆ, ಹಡಗು ಬದಲಿಸಿ ಮೊಂಬಾಸಾಕ್ಕೆ, ಮತ್ತೆ ರೈಲೇರಿ ನೈರೋಬಿಗೆ ಹೋಯಿತು. ಒಳಗಿದ್ದದ್ದು ಸುಮಾರು ಹನ್ನೆರಡು ಟನ್ ಕಾಗದ. ಕಾಗದ ಎಷ್ಟೇ ಒಣಗಿದಂತೆ ಕಂಡರೂ ಅದರ ತೂಕದಲ್ಲಿ ಸಾಮಾನ್ಯವಾಗಿ ನೂರಕ್ಕೆ ಐದಾರು ಪಾಲು ನೀರಿರುತ್ತದೆ. ಎಂದರೆ ಆ ಪೆಟ್ಟಿಗೆಯೊಳಗೆ ಆರುನೂರು ಲೀಟರಿಗೂ ಹೆಚ್ಚು ನೀರು ಅಡಗಿತ್ತು. ಸೆಪ್ಟೆಂಬರಿನ ಮಳೆಯಲ್ಲಿ ಅಂಗಳದಲ್ಲಿ ನೆನೆದಿದ್ದ ಮರದ ಹಲಗೆಗಳ ನೀರು ಬೇರೆ. ಹಗಲಿನ ಬಿಸಿಲಿಗೆ ಉಕ್ಕು ಕಾದಾಗ ಈ ತೇವ ಗಾಳಿಗೆ ಸೇರುತ್ತದೆ. ರಾತ್ರಿ ಛಾವಣಿ ತಣ್ಣಗಾದಾಗ ಹನಿಗಟ್ಟಿ ಸರಕಿನ ಮೇಲೆಯೇ ಬೀಳುತ್ತದೆ. ಬಿಸಿ ಅನ್ನದ ಪಾತ್ರೆಯ ಮುಚ್ಚಳದಡಿ ನಡೆಯುವುದೂ ಇದೇ. ಹಡಗಿನವರು ಇದನ್ನು ‘ಕಂಟೇನರ್ ಮಳೆ’ ಎನ್ನುತ್ತಾರೆ. ಕರಾವಳಿಯ ಸೆಕೆಯಿಂದ ಹೊರಟ ಪೆಟ್ಟಿಗೆ ಸಮುದ್ರಮಟ್ಟದಿಂದ 1,600 ಮೀಟರಿಗೂ ಎತ್ತರದಲ್ಲಿರುವ ನೈರೋಬಿಯ ತಂಪಿಗೆ ಏರಿದಾಗ ಆ ಮಳೆ ಇನ್ನಷ್ಟು ಸುರಿದಿರಬೇಕು.

ಮರದ ಹಲಗೆಗಳ ಮೇಲೆ ಗೋಧಿ ತೆನೆಯ ಅಂತರರಾಷ್ಟ್ರೀಯ ಮುದ್ರೆಯಿತ್ತು. ಅದನ್ನು ಕಂಡೇ ನಾನು ನಿಶ್ಚಿಂತನಾಗಿದ್ದೆ. ಮರವನ್ನು ಕಾಯಿಸಿ ಕೀಟಗಳನ್ನು ಕೊಲ್ಲಲಾಗಿದೆ ಎಂಬುದಷ್ಟೇ ಆ ಮುದ್ರೆಯ ಅರ್ಥ. ಮರ ಒಣಗಿದೆ ಎಂದಲ್ಲ.

ವಿಮೆ ಇತ್ತಲ್ಲ, ಎಂದು ನೀವು ಕೇಳಬಹುದು. ಇತ್ತು, ‘ಸಕಲ ಅಪಾಯಗಳಿಗೂ’ ಅನ್ವಯಿಸುವ ವಿಮೆಯೇ. ಆದರೆ ಅಂಥ ವಿಮೆಯೂ ಸರಕಿನ ಸಹಜ ಗುಣದಿಂದಲೇ ಆಗುವ ಹಾನಿಯನ್ನಾಗಲಿ, ಸಾಲದ ಪ್ಯಾಕಿಂಗ್‌ನಿಂದಾಗುವ ಹಾನಿಯನ್ನಾಗಲಿ ಒಪ್ಪುವುದಿಲ್ಲ. ತೇವ ಕಾಗದದ ಸಹಜ ಗುಣ, ಪ್ಯಾಕಿಂಗ್ ನಮ್ಮದು. ಹಡಗು ಕಂಪನಿ ಕೊಟ್ಟ ಬಿಲ್ ಆಫ್ ಲೇಡಿಂಗ್‌ನಲ್ಲಿ, ಒಳಗೆ ಇದೆಯೆಂದು ಹೇಳಲಾದ ಸರಕನ್ನು ತುಂಬಿದವರೂ ಎಣಿಸಿದವರೂ ಕಳುಹಿಸುವವರೇ ಎಂಬ ಮಾತಿತ್ತು. ಎರಡೂ ಕಾಗದಗಳು ನನ್ನ ಮೇಜಿನ ಮೇಲೆಯೇ ಇದ್ದವು. ನಾನು ಓದಿರಲಿಲ್ಲ.

ನಷ್ಟ ನನ್ನದೊಬ್ಬನದೇ ಆಗಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲವೇನೋ. ಆ ವ್ಯಾಪಾರಿ ಶಾಲಾ ಹಂಗಾಮು ಕಳೆದುಕೊಂಡರು. ಮುಂದಿನ ಬೇಡಿಕೆ ಬರಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಹದಿನಾಲ್ಕು ಮಂದಿಯಲ್ಲಿ ಆರು ಜನರಿಗೆ ಕೆಲಸವಿಲ್ಲವೆಂದು ನಾನೇ ಹೇಳಬೇಕಾಯಿತು. ‘ನಾವು ಹೊಲಿದದ್ದರಲ್ಲಿ ತಪ್ಪಿತ್ತಾ ಅಣ್ಣಾ?’ ಎಂದು ಒಬ್ಬಾಕೆ ಕೇಳಿದರು. ಹೊಲಿಗೆಯಲ್ಲಿ ಒಂದು ದಾರವೂ ತಪ್ಪಿರಲಿಲ್ಲ.

ಸಮುದ್ರ ವ್ಯಾಪಾರದಲ್ಲಿ ಇಂಥ ಓದದ ಷರತ್ತುಗಳು ಹಲವು. 2021ರ ಮಾರ್ಚ್‌ನಲ್ಲಿ ‘ಎವರ್ ಗಿವನ್’ ಹಡಗು ಸುಯೆಜ್ ಕಾಲುವೆಯಲ್ಲಿ ಆರು ದಿನ ಸಿಲುಕಿಕೊಂಡದ್ದು ಎಲ್ಲರಿಗೂ ನೆನಪಿದೆ. ಅದನ್ನು ಬಿಡಿಸಿದ ಖರ್ಚಿನಲ್ಲಿ ಹಡಗಿನಲ್ಲಿದ್ದ ಸರಕಿನ ಒಡೆಯರೂ ಪಾಲು ಕೊಡಬೇಕೆಂದು ಘೋಷಿಸಲಾಯಿತೆಂಬುದು ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ. ‘ಜನರಲ್ ಆವರೇಜ್’ ಎಂಬ ಪ್ರಾಚೀನ ನಿಯಮವದು: ಎಲ್ಲರ ಸರಕನ್ನು ಉಳಿಸಲು ಮಾಡಿದ ಖರ್ಚನ್ನು ಎಲ್ಲರೂ ಹಂಚಿಕೊಳ್ಳಬೇಕು. ನ್ಯಾಯವಾದದ್ದೇ. ಆದರೆ ವಿಮೆಯಿಲ್ಲದ ಸಣ್ಣ ವ್ಯಾಪಾರಿ ಠೇವಣಿ ಕಟ್ಟುವವರೆಗೆ ಅವನ ಸರಕು ಅವನ ಕೈಗೆ ಸಿಗುವುದಿಲ್ಲ. ದೊಡ್ಡ ಕಂಪನಿಗಳಲ್ಲಿ ಇದನ್ನೆಲ್ಲ ಓದಲೆಂದೇ ಸಂಬಳದ ನೌಕರರಿರುತ್ತಾರೆ. ಸಣ್ಣವರ ಮನೆಯಲ್ಲಿ ಓದುವವನೂ ಪೆಟ್ಟಿಗೆಗೆ ಟೇಪು ಅಂಟಿಸುವವನೂ ಒಬ್ಬನೇ.

ರಫ್ತು ಮಾಡಿ ಎಂದು ಸಣ್ಣ ಉದ್ಯಮಿಗಳನ್ನು ಹುರಿದುಂಬಿಸುವ ಸಭೆಗಳಿಗೆ ನಾನೂ ಹೋಗಿದ್ದೇನೆ. ಸಾಲ, ಸಹಾಯಧನ, ಮಾರುಕಟ್ಟೆಗಳ ಕುರಿತು ಅಲ್ಲಿ ಸಾಕಷ್ಟು ಕೇಳಿದೆ. ಹಲಗೆ ಒದ್ದೆಯಿದ್ದರೆ ಏನಾಗುತ್ತದೆಂದು ಯಾರೂ ಹೇಳಲಿಲ್ಲ. ನಾನು ಆಮೇಲೆ ಕಲಿತದ್ದಕ್ಕೆ ತಗುಲಿದ ಖರ್ಚು ಸರಕಿನ ಬೆಲೆಯ ನೂರಕ್ಕೆ ಒಂದು ಪಾಲೂ ಆಗಲಿಲ್ಲ: ತೇವ ಅಳೆಯುವ ಸಣ್ಣ ಉಪಕರಣ, ಒಣ ಹಲಗೆ, ಕಂಟೇನರಿನ ಗೋಡೆಗೆ ತೂಗುಹಾಕುವ ತೇವ ಹೀರುವ ಚೀಲಗಳು, ಸರಕಿನ ಮೇಲೆ ಹೊದಿಸುವ ದಪ್ಪ ಕಂದು ಕಾಗದ. ಕೈಗಾರಿಕಾ ಸಂಘಗಳೂ ರಫ್ತು ಇಲಾಖೆಗಳೂ ಇಷ್ಟನ್ನು ಕನ್ನಡದಲ್ಲಿ ಒಂದು ಪುಟದಲ್ಲಿ ಅಚ್ಚುಹಾಕಿ, ಕಚೇರಿಗಳಿಗಲ್ಲ, ಗೋದಾಮುಗಳಿಗೆ ಹಂಚಬೇಕು. ಪೆಟ್ಟಿಗೆ ತುಂಬುವವರು ಇರುವುದು ಅಲ್ಲಿ.

ನಮ್ಮ ಗೋದಾಮಿನ ಬಾಗಿಲಿಗೆ ಅಂಥದೊಂದು ಪುಟವನ್ನು ನಾನೇ ಬರೆದು ಅಂಟಿಸಿದ್ದೇನೆ. ಖಾಲಿ ಕಂಟೇನರಿನೊಳಗೆ ಒಬ್ಬರು ನಿಂತು, ಬಾಗಿಲು ಮುಚ್ಚಿಸಿ, ಎಲ್ಲಾದರೂ ಬೆಳಕು ಕಾಣುತ್ತದೆಯೇ ನೋಡಬೇಕು ಎಂಬುದು ಅದರ ಮೊದಲ ಸಾಲು. ಮತ್ತೆ ಆಫ್ರಿಕಾಕ್ಕೆ ಸರಕು ಕಳುಹಿಸುವ ದಿನ ಬಂದಾಗ ಲೋಡಿಂಗ್ ಹುಡುಗ ಒಳಗೆ ಹೋಗಿ ಬಾಗಿಲು ಹಾಕಿಸಿಕೊಂಡ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗು ಕೇಳಿಸಿತು: ‘ಸಾರ್, ಮೂಲೇಲಿ ಒಂದು ಚುಕ್ಕಿ ಕಾಣ್ತಿದೆ.’

ಆ ಕಂಟೇನರನ್ನು ಹಿಂದಕ್ಕೆ ಕಳುಹಿಸಿ ಬೇರೆಯದನ್ನು ತರಿಸಿದೆವು.