ಬಿಡಿಸಿದ ನೋಟಿಗೆ ಚಿಲ್ಲರೆ ಕೊಡ್ತೀರಾ?

ಲಂಡನ್ನಿನ ಕೊಲಿಂಡೇಲ್‌ನಲ್ಲಿ ನಾರ್ದರ್ನ್ ಲೈನ್ ರೈಲು ಹತ್ತಿ. ಎಲ್ಲೂ ರೈಲು ಬದಲಿಸದೆ ‘ಬ್ಯಾಂಕ್’ ಅನ್ನುವ ಹೆಸರಿನ ಸ್ಟೇಷನ್ನಿಗೇ ಹೋಗಿ ಇಳಿಯಬಹುದು! ಮೆಟ್ಟಿಲು ಹತ್ತಿ ಮೇಲೆ ಬಂದರೆ ಬ್ಯಾಂಕ್ ಆಫ್ ಇಂಗ್ಲೆಂಡ್. ಈ ಬ್ಯಾಂಕು ಒಮ್ಮೆ ಒಬ್ಬ ಕಲಾವಿದನನ್ನು ಕೋರ್ಟಿಗೆಳೆಯಿತು. ಅವನು ಮಾಡಿದ್ದೇನು, ಊಹಿಸಿ ನೋಡೋಣ.

ಕಳ್ಳತನ? ಅಲ್ಲ. ಖೋಟಾ ನೋಟು? ಅದೂ ಅಲ್ಲ!

ನೋಟಿನ ಚಿತ್ರ ಬರೆದ. ಕೈಯಲ್ಲೇ!

ಹೆಸರು ಜೆ.ಎಸ್.ಜಿ. ಬಾಗ್ಸ್, ಅಮೆರಿಕದವನು. ಶುರುವಾಗಿದ್ದು 1984ರಲ್ಲಿ, ಶಿಕಾಗೋದ ಒಂದು ಹೋಟೆಲಿನಲ್ಲಿ. ಕಾಫಿ ಕುಡಿಯುತ್ತಾ ಕಾಗದದ ನ್ಯಾಪ್ಕಿನ್ ಮೇಲೆ ಡಾಲರ್ ನೋಟು ಗೀಚುತ್ತಿದ್ದ. ಬಡಿಸುವಾಕೆ ಮರುಳಾದಳು. ಬಿಲ್ಲಿಗೆ ಇದನ್ನೇ ತಗೋ ಅಂದ. ಬಿಲ್ಲು 90 ಸೆಂಟ್. ತೆಗೆದುಕೊಂಡಳು! ಅಷ್ಟೇ ಅಲ್ಲ, 10 ಸೆಂಟ್ ಚಿಲ್ಲರೆಯನ್ನೂ ಎಣಿಸಿ ಕೊಟ್ಟಳು!

ಈಗ ಅಸಲಿ ಮಜಾ ಕೇಳಿ. ಬಾಗ್ಸ್ ತನ್ನ ನೋಟುಗಳನ್ನು ಮಾರುತ್ತಲೇ ಇರಲಿಲ್ಲ. ಖರ್ಚು ಮಾಡುತ್ತಿದ್ದ! ಅಂಗಡಿಗೆ ಹೋಗುವುದು, ಇದು ನಾನೇ ಬರೆದ ಚಿತ್ರ ಎಂದು ನೇರವಾಗಿ ಹೇಳುವುದು, ಮುಖಬೆಲೆಗೆ ತೆಗೆದುಕೊಳ್ಳುತ್ತೀರಾ ಎಂದು ಕೇಳುವುದು. ಒಪ್ಪಿದರೆ ರಸೀದಿ ಬೇಕು, ಚಿಲ್ಲರೆಯೂ ಬೇಕು. ಒಂದು ದಿನ ಸುಮ್ಮನಿರುತ್ತಿದ್ದ. ಆಮೇಲೆ ಆ ರಸೀದಿ, ಆ ಚಿಲ್ಲರೆ ಎರಡನ್ನೂ ಸಂಗ್ರಾಹಕರಿಗೆ ಮಾರುತ್ತಿದ್ದ!

ಸಂಗ್ರಾಹಕ ರಸೀದಿ ಹಿಡಿದು ಅಂಗಡಿ ಹುಡುಕಿಕೊಂಡು ಓಡಬೇಕು. ಅಲ್ಲಿ ಅಂಗಡಿಯವನ ಜೊತೆ ಚೌಕಾಸಿ ಮಾಡಿ ಚಿತ್ರ ಬಿಡಿಸಿಕೊಳ್ಳಬೇಕು. ಬಾಗ್ಸ್‌ನನ್ನು ನಂಬಿ ಚಿಲ್ಲರೆ ಕೊಟ್ಟವನಿಗೆ ಅಂದು ಹಬ್ಬ!

1986. ಲಂಡನ್ನಿನಲ್ಲಿ ಅವನ ಪ್ರದರ್ಶನದ ಮೇಲೆ ಪೊಲೀಸರ ದಾಳಿ! ಕಾನೂನು ಬಿಗಿಯಾಗಿತ್ತು. ಅನುಮತಿ ಇಲ್ಲದೆ ಬ್ರಿಟಿಷ್ ನೋಟಿನ ಪ್ರತಿರೂಪ ಮಾಡಕೂಡದು; ಯಾವ ವಸ್ತುವಿನ ಮೇಲಾದರೂ ಸರಿ, ಯಾವ ಅಳತೆಯಲ್ಲಾದರೂ ಸರಿ. ಅಂದರೆ ಗೋಡೆಯಷ್ಟು ದೊಡ್ಡ ನೋಟು ಬರೆದರೂ ಅಪರಾಧವೇ! 1987ರ ನವೆಂಬರಿನಲ್ಲಿ ಓಲ್ಡ್ ಬೈಲಿ ನ್ಯಾಯಾಲಯದಲ್ಲಿ ವಿಚಾರಣೆ. ಅವನ ಪರ ವಕೀಲ ಜೆಫ್ರಿ ರಾಬರ್ಟ್‌ಸನ್. ಇದು ನಕಲಲ್ಲ, ಕಲೆ ಅನ್ನುವುದು ವಾದ.

ಜ್ಯೂರಿ ಒಳಗೆ ಹೋಯಿತು. ಎಷ್ಟು ಹೊತ್ತು ತೆಗೆದುಕೊಂಡಿರಬಹುದು? ಎರಡು ದಿನ? ಎರಡು ಗಂಟೆ?

ಹತ್ತು ನಿಮಿಷ! ನಿರ್ದೋಷಿ!

ಆ ಸುದ್ದಿ ಅಚ್ಚಾದ ಪತ್ರಿಕೆಗಳು ಸೇರಿದ್ದೆಲ್ಲಿಗೆ ಗೊತ್ತೇ? ಇದೇ ಕೊಲಿಂಡೇಲ್‌ಗೆ! ಬ್ರಿಟಿಷ್ ಲೈಬ್ರರಿಯ ಪತ್ರಿಕಾ ಭಂಡಾರ 2013ರವರೆಗೂ ಇದ್ದದ್ದು ಇಲ್ಲಿ. ಕೆಲವು ಪೆನ್ಸಿಗೆ ಸಿಗುತ್ತಿದ್ದ, ಮರುದಿನವೇ ರದ್ದಿಯಾಗುವ ಕಾಗದಗಳನ್ನು ದೇಶದ ಆಸ್ತಿಯೆಂದು ಕಾಯ್ದಿಟ್ಟಿದ್ದ ಊರಿದು. (ಬಾಗ್ಸ್‌ಗೆ ಇದು ಖಂಡಿತ ಖುಷಿ ಕೊಡುತ್ತಿತ್ತು!)

ಲಂಡನ್ನಿನ ಹುಚ್ಚು ಅಲ್ಲಿಗೇ ನಿಲ್ಲಲಿಲ್ಲ. ಕಲಾವಿದ ಡೇಮಿಯನ್ ಹರ್ಸ್ಟ್ 10,000 ಚುಕ್ಕಿ ಚಿತ್ರಗಳನ್ನು ಮಾಡಿ ‘ದಿ ಕರೆನ್ಸಿ’ ಎಂದು ಹೆಸರಿಟ್ಟ. ಕೊಂಡವರಿಗೆ ಒಂದೇ ಷರತ್ತು: ಕಾಗದದ ಚಿತ್ರವೋ, ಎನ್‌ಎಫ್‌ಟಿ ಎಂಬ ಡಿಜಿಟಲ್ ರೂಪವೋ? ಎರಡೂ ಒಟ್ಟಿಗೆ ಇಲ್ಲ! 4,851 ಚಿತ್ರಗಳ ವಿಷಯದಲ್ಲಿ ಆಯ್ಕೆ ಡಿಜಿಟಲ್. 2022ರಲ್ಲಿ ಆ ಕಾಗದಗಳನ್ನು ಸುಡಲು ಬೆಂಕಿ ಹೊತ್ತಿತು! ನನ್ನ ಓಟು ಮಾತ್ರ ಬಾಗ್ಸ್‌ಗೇ.

ನಮ್ಮಲ್ಲಿ ಇಂಥವರು ಯಾರೂ ಇಲ್ಲವೇ ಅಂದಿರಾ? ಇದ್ದಾರೆ! ಕಲಾವಿದ ಎಲ್.ಎನ್. ತಲ್ಲೂರು. ಕುಂದಾಪುರ ಕಡೆಯವರು, ಮೈಸೂರಿನ ಕಾವಾ ಕಲಾಶಾಲೆಯಲ್ಲಿ ಕಲಿತವರು, ಬರೋಡಾ ದಾಟಿ ಇಂಗ್ಲೆಂಡಿನ ಲೀಡ್ಸ್‌ವರೆಗೂ ಹೋಗಿ ಓದಿ ಬಂದವರು. ಅವರ ‘ಕ್ರೊಮ್ಯಾಟೊಫೋಬಿಯಾ’ ಕೃತಿಗೆ ಹಣದ ಭಯವೇ ವಸ್ತು. ಒಂದು ಭಾರೀ ಮರದ ದಿಮ್ಮಿ. ಸುತ್ತಿಗೆ. ಇನ್ನೇನು ಬೇಕು?

ನಿಮ್ಮ ನಾಣ್ಯ! ನೋಡಲು ಬಂದವರು ಸ್ವಂತ ದುಡ್ಡನ್ನೇ ದಿಮ್ಮಿಗೆ ಬಡಿಯಬೇಕು, ಮೊಳೆ ಹೊಡೆದ ಹಾಗೆ! ಹೇಳಿ, ಸುತ್ತಿಗೆ ಕೈಗೆ ಬಂದರೆ ಜೇಬಿನಿಂದ ಯಾವುದನ್ನು ತೆಗೆಯುತ್ತೀರಿ? ಒಂದು ರೂಪಾಯಿಯದೋ, ಇಪ್ಪತ್ತರದೋ?