ಮಾಜುಲಿಯ ಮಣ್ಣಿನ ಮುಖಗಳು

ಮಾಜುಲಿಯಲ್ಲಿ ರಾವಣನ ಮುಖ ಮೊದಲು ನೋಡಲು ಬೋರಲು ಹಾಕಿದ ಬುಟ್ಟಿಯಂತಿರುತ್ತದೆ. ನೀರಿನಲ್ಲಿ ನೆನೆಹಾಕಿದ ಬಿದಿರನ್ನು ತೆಳ್ಳಗೆ ಸೀಳಿ, ಆರು ಮೂಲೆಯ ಕಿಂಡಿಗಳು ಮೂಡುವಂತೆ ಹೆಣೆದರೆ ಹಂದರ ಸಿದ್ಧ. ಕುಂಬಾರರ ಮಣ್ಣಿನ ರಾಡಿಯಲ್ಲಿ ಅದ್ದಿದ ಹತ್ತಿಬಟ್ಟೆಯ ತುಂಡುಗಳನ್ನು ಅದರ ಮೇಲೆ ಒಂದರ ಮೇಲೊಂದು ಹಚ್ಚಿ ಬಿಸಿಲಿಗಿಡುತ್ತಾರೆ. ಮುಖಕ್ಕೆ ಮುಖದ ಲಕ್ಷಣ ಬರುವುದು ಆಮೇಲೆ. ಮಣ್ಣಿಗೆ ಸಗಣಿ ಕಲಸಿ ಮೆತ್ತುತ್ತಾ ಹುಬ್ಬು ಎತ್ತಬೇಕು, ಮೂಗು ಮೂಡಿಸಬೇಕು, ತುಟಿಯ ಅಂಚು ತೀಡಬೇಕು. ಸಗಣಿ ಸೇರಿದರೆ ಲೇಪ ಹಗುರವಾಗುತ್ತದೆ, ಬಿರುಕು ಬಿಡುವುದಿಲ್ಲ. ‘ಕೊರ್ಧೋನಿ’ ಎಂಬ ಬಿದಿರಿನ ಉಪಕರಣದಿಂದ ಉಜ್ಜಿ ನಯಮಾಡಿದ ಮೇಲೆ ಬಣ್ಣದ ಸರದಿ. ಹಿಂದೆ ಇಂಗಳೀಕದ ಕೆಂಪು, ಹರದಾಳದ ಹಳದಿ ಬಳಸುತ್ತಿದ್ದರು. ಈಗ ಅಂಗಡಿಯ ಬಣ್ಣವೂ ಬಂದಿದೆ.

ಅಸ್ಸಾಮಿನ ಬ್ರಹ್ಮಪುತ್ರಾ ನದಿಯ ನಡುವಿನ ದ್ವೀಪ ಮಾಜುಲಿ. ಸಂತ ಶಂಕರದೇವರ ವೈಷ್ಣವ ಪರಂಪರೆಯ ಮಠಗಳಿಗೆ ಅಲ್ಲಿ ‘ಸತ್ರ’ ಎನ್ನುತ್ತಾರೆ. ಅಕ್ಷರ ಬಾರದವರಿಗೂ ಭಾಗವತ ದಕ್ಕಲೆಂದು ಶಂಕರದೇವರು ನಾಟಕ ಬರೆದು ಆಡಿಸಿದರು. ಆ ಆಟವೇ ‘ಭಾವನಾ’. ಮೇಲೆ ಹೇಳಿದ ಮುಖಗಳು ಅದರ ಪಾತ್ರಗಳು ತೊಡುವ ಮುಖವಾಡಗಳು. ಅವರ ವಂಶದ ಚಕ್ರಪಾಣಿ 1663ರಲ್ಲಿ ಸ್ಥಾಪಿಸಿದ ಸಾಮಗುರಿ ಸತ್ರ ಮುಖವಾಡದ ವಿದ್ಯೆಯನ್ನು ಇಂದಿಗೂ ಬಿಟ್ಟಿಲ್ಲ. ಇಲ್ಲಿಯವರು ಸಂಸಾರಸ್ಥರಾದ್ದರಿಂದ ವಿದ್ಯೆ ಅಪ್ಪನಿಂದ ಮಗನಿಗೆ ಮನೆಯೊಳಗೇ ದಾಟುತ್ತದೆ.

ನಮ್ಮ ಯಕ್ಷಗಾನದ ಬಣ್ಣದ ವೇಷಧಾರಿ ಅಕ್ಕಿಹಿಟ್ಟಿನ ಚುಕ್ಕೆಗಳ ಚಿಟ್ಟಿ ಇಟ್ಟು ತನ್ನ ಮುಖವನ್ನೇ ರಾಕ್ಷಸನನ್ನಾಗಿಸಿಕೊಳ್ಳುತ್ತಾನೆ. ಅದರ ಕೆಳಗೆ ಅವನ ಕಣ್ಣು, ಕೆನ್ನೆ ಆಡುತ್ತಲೇ ಇರುತ್ತವೆ. ಮುಖವಾಡಕ್ಕೆ ಆ ಅನುಕೂಲವಿಲ್ಲ. ಕುಣಿಯುವವನ ಕುತ್ತಿಗೆ, ಹೆಗಲುಗಳೇ ಅದಕ್ಕೆ ಜೀವ ಕೊಡಬೇಕು. ಆದ್ದರಿಂದಲೇ ಈ ಕಲೆಯಲ್ಲಿ ಅಂದಕ್ಕಿಂತ ಮೊದಲು ನೋಡಬೇಕಾದದ್ದು ಹಗುರತನವನ್ನು ಎಂದು ನನ್ನ ಖಚಿತ ಅಭಿಪ್ರಾಯ. ಮುಖವನ್ನಷ್ಟೇ ಮುಚ್ಚುವುದು ‘ಮುಖ್ ಮುಖಾ’. ‘ಲೊತೊಕಾಯಿ’ ಎದೆಯವರೆಗೂ ಇಳಿಯುತ್ತದೆ. ‘ಬೊರ್ ಮುಖಾ’ದಲ್ಲಿ ತಲೆ, ಮೈ ಬೇರೆ ಬೇರೆ, ನಟ ಅದರೊಳಗೇ ಹೊಕ್ಕು ಆಡಬೇಕು. ಕಲ್ಲುಮಣ್ಣಿನ ಭಾರವಿದ್ದರೆ ನರಕಾಸುರ ಹೆಜ್ಜೆಯನ್ನೂ ಎತ್ತಲಾರ.

ಸಾಮಗುರಿಯ ಹೇಮಚಂದ್ರ ಗೋಸ್ವಾಮಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ದವಡೆ ಆಡುವ ಮುಖವಾಡಗಳನ್ನು ಮಾಡಿದರು. ಮಾತಾಡುವಾಗ ಅಸುರನ ಬಾಯಿ ತೆರೆದು ಮುಚ್ಚುತ್ತದೆ. ಪರಂಪರೆಯ ಒಳಗೇ ನಿಂತು ಮಾಡಿದ ಈ ಬದಲಾವಣೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. 2023ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2024ರಲ್ಲಿ ಮಾಜುಲಿಯ ಮುಖವಾಡಕ್ಕೆ ಭೌಗೋಳಿಕ ಗುರುತು (ಜಿಐ) ಸಿಕ್ಕಿತು.

ಪ್ರವಾಸಿಗರಿಗಾಗಿ ಗೋಡೆಗೆ ತೂಗುವ ಪುಟ್ಟ ಮುಖಗಳೂ ಈಗ ತಯಾರಾಗುತ್ತವೆ. ಕಸುಬಿಗೆ ಅದರಿಂದ ಆದಾಯವಿದೆ, ಬೇಡವೆನ್ನಲಾಗದು. ಆದರೆ ಬ್ರಹ್ಮಪುತ್ರಾ ವರ್ಷವರ್ಷವೂ ದಡ ಕೊರೆದು ದ್ವೀಪವನ್ನು ಸಣ್ಣದಾಗಿಸುತ್ತಿದೆ. ಸತ್ರಗಳೇ ನೆಲೆ ಬದಲಿಸಿದ ಉದಾಹರಣೆಗಳಿವೆ. ಆಡುವ ಊರು, ನೋಡುವ ಜನ ಉಳಿಯದಿದ್ದರೆ ಗೋಡೆಯ ಮುಖಗಳಷ್ಟೇ ಉಳಿದಾವು ಎಂಬ ಆತಂಕ ನನ್ನದು.

ನೋಡಲು ಹೋಗುವವರು ಜೋರ್ಹಾಟ್ ಬಳಿಯ ನಿಮಾತಿ ಘಾಟಿನಿಂದ ದೋಣಿ ಹಿಡಿಯಬಹುದು. ಕಾರ್ತಿಕ ಹುಣ್ಣಿಮೆಯ ರಾಸೋತ್ಸವದ ಹೊತ್ತಿಗೆ ಹೋದರೆ ಉತ್ತಮ. ಹಗಲು ಸಾಮಗುರಿಯಲ್ಲಿ ಮುಖವಾಡ ಮಾಡುವುದನ್ನು ನೋಡಿ, ರಾತ್ರಿ ಅಂಥವನ್ನೇ ತೊಟ್ಟ ಪೂತನಿ, ಬಕಾಸುರರು ರಂಗಕ್ಕೆ ಬರುವುದನ್ನು ನೋಡಬಹುದು.