ಕೊಡಲಿ ಮತ್ತು ಕಾವು: ಬಳಕೆಯ ಉಪಕರಣವೊಂದರ ಸಂಗ್ರಹ, ಓದು ಮತ್ತು ದಾಖಲಾತಿ

ಕನ್ನಡದಲ್ಲಿ ‘ಕೊಡಲಿ ಕಾವು ಕುಲಕ್ಕೆ ಸಾವು’ ಎಂಬ ಗಾದೆ ಬಳಕೆಯಲ್ಲಿದೆ. ಮರದಿಂದ ಹುಟ್ಟಿದ ಕಾವು ಮರದ ಕುಲವನ್ನೇ ಕಡಿಯಲು ನೆರವಾಗುತ್ತದೆ ಎಂಬುದು ಇದರ ವಾಚ್ಯಾರ್ಥ. ‘ಬುಡಕ್ಕೆ ಕೊಡಲಿ ಹಾಕು’, ‘ಕೊಡಲಿಪೆಟ್ಟು’ ಮೊದಲಾದ ನುಡಿಗಟ್ಟುಗಳಲ್ಲಿಯೂ ಕೊಡಲಿಯು ನಾಶದ ಸಂಕೇತವಾಗಿಯೇ ಬರುತ್ತದೆ. ಆದರೆ ಮೇಲಿನ ಗಾದೆಯು ನೀತಿಯೊಂದಿಗೆ ಒಂದು ತಾಂತ್ರಿಕ ತಿಳಿವಳಿಕೆಯನ್ನೂ ಒಳಗೊಂಡಿದೆ. ಕಬ್ಬಿಣದ ತಲೆ ಮಾತ್ರವೇ ಕೊಡಲಿಯಲ್ಲ. ಕಾವು ಸೇರಿದಾಗಲೇ ಅದು ಕೊಡಲಿಯಾಗುತ್ತದೆ. ಉಪಕರಣಗಳನ್ನು ಸಂಗ್ರಹಿಸುವ ಮತ್ತು ದಾಖಲಿಸುವ ಸಂದರ್ಭದಲ್ಲಿ ಈ ಸರಳ ಸಂಗತಿಯೇ ಹಲವು ವೇಳೆ ಮರೆಯಾಗುತ್ತದೆ.

ಕಾಡಿನಲ್ಲಿ ಕನಿಷ್ಠ ಸಲಕರಣೆಗಳೊಂದಿಗೆ ಬದುಕುವ ಕೌಶಲವನ್ನು ಪಾಶ್ಚಾತ್ಯ ದೇಶಗಳಲ್ಲಿ ‘ಬುಷ್‌ಕ್ರಾಫ್ಟ್’ ಎಂದು ಕರೆಯುತ್ತಾರೆ. ಈ ಹವ್ಯಾಸದ ಜೊತೆಗೆ ಹಳೆಯ ಕೊಡಲಿಗಳನ್ನು ಸಂಗ್ರಹಿಸಿ, ಹದಗೊಳಿಸಿ, ಮತ್ತೆ ಬಳಸುವ ಪರಿಪಾಠವೂ ಬೆಳೆದಿದೆ. ಅಮೆರಿಕ ಮತ್ತು ಸ್ವೀಡನ್‌ಗಳ ನಿದರ್ಶನಗಳ ಮೂಲಕ ಈ ಸಂಗ್ರಹದ ಸ್ವರೂಪವನ್ನು ವಿವರಿಸುವುದು ಹಾಗೂ ಅದರಿಂದ ನಮ್ಮ ವಸ್ತು ಸಂಸ್ಕೃತಿಯ ಅಧ್ಯಯನಕ್ಕೆ ದೊರೆಯಬಹುದಾದ ಪಾಠವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಕೊಡಲಿಯ ರಚನೆ

ಕೊಡಲಿಯ ತಲೆಯಲ್ಲಿ ಮುಖ್ಯವಾಗಿ ನಾಲ್ಕು ಭಾಗಗಳಿವೆ: ಕಡಿಯುವ ಬಾಯಿ, ಅದರ ಹಿಂದಿನ ಎರಡು ಕೆನ್ನೆಗಳು, ಕಾವು ತೂರುವ ಕಣ್ಣು ಮತ್ತು ಕಣ್ಣಿನಾಚೆಯ ಹಿಂಬದಿ. ಇವುಗಳಲ್ಲಿ ಬಾಯಿಯ ಹರಿತ ಎಲ್ಲರ ಗಮನಕ್ಕೂ ಬರುತ್ತದೆ. ಕೆಲಸದ ಗುಣವನ್ನು ನಿರ್ಧರಿಸುವಲ್ಲಿ ಕೆನ್ನೆಯ ಪಾತ್ರವೂ ಅಷ್ಟೇ ದೊಡ್ಡದು. ಕೆನ್ನೆ ಚಪ್ಪಟೆಯಾಗಿದ್ದರೆ ಕೊಡಲಿಯು ಹಸಿಮರದಲ್ಲಿ ಕಚ್ಚಿಕೊಂಡು ಬಿಡಿಸಲು ಕಷ್ಟವಾಗುತ್ತದೆ. ಕೊಂಚ ಉಬ್ಬಿದ್ದರೆ ಚಕ್ಕೆಯನ್ನು ಪಕ್ಕಕ್ಕೆ ಎತ್ತಿ ಸುಲಭವಾಗಿ ಹೊರಬರುತ್ತದೆ. ಸೌದೆ ಸೀಳುವ ಕೊಡಲಿಗೆ ಬೆಣೆಯಂತಹ ದಪ್ಪ ಬೇಕು. ಮರವನ್ನು ಅಡ್ಡಲಾಗಿ ಕಡಿಯುವ ಕೊಡಲಿಗೆ ತೆಳುವಾದ ಬಾಯಿ ಬೇಕು. ಹೀಗಾಗಿ ಒಂದು ಕೊಡಲಿಯ ಆಕಾರವನ್ನು ಗಮನಿಸಿದವರು ಅದು ಯಾವ ಕೆಲಸಕ್ಕಾಗಿ ಹುಟ್ಟಿತೆಂಬುದನ್ನು ಬಹುಮಟ್ಟಿಗೆ ಊಹಿಸಬಲ್ಲರು.

ಕನ್ನಡದ ಕ್ರಿಯಾಪದಗಳೇ ಈ ವ್ಯತ್ಯಾಸಗಳನ್ನು ಸೂಕ್ಷ್ಮವಾಗಿ ಗುರುತಿಸಿವೆ. ಕಡಿ, ಸೀಳು, ಸವರು, ಕೊಚ್ಚು, ಕೆತ್ತು ಎಂಬ ಪದಗಳು ಪರ್ಯಾಯಗಳಲ್ಲ. ಮರವನ್ನು ಕಡಿಯುತ್ತಾರೆ, ದಿಮ್ಮಿಯನ್ನು ಸೀಳುತ್ತಾರೆ, ರೆಂಬೆಯನ್ನು ಸವರುತ್ತಾರೆ, ತೊಲೆಯನ್ನು ಕೆತ್ತುತ್ತಾರೆ. ಪ್ರತಿಯೊಂದು ಕ್ರಿಯೆಗೂ ಬೇರೆಯ ಬೀಸು, ಬೇರೆಯ ಕೋನ, ಕೆಲವೊಮ್ಮೆ ಬೇರೆಯ ಉಪಕರಣವೇ ಅಗತ್ಯ.

2. ಉಪಕರಣದಿಂದ ಸಂಗ್ರಹವಸ್ತುವಿನವರೆಗೆ

ಯುರೋಪಿನಿಂದ ಅಮೆರಿಕಕ್ಕೆ ವಲಸೆ ಹೋದವರು ಒಯ್ದ ಕೊಡಲಿಗಳಲ್ಲಿ ಬಾಯಿಯ ಭಾಗ ಉದ್ದವಾಗಿದ್ದು ಹಿಂಬದಿ ಹಗುರವಾಗಿತ್ತು. ಬೀಸುವಾಗ ಅದು ಓಲಾಡುತ್ತಿತ್ತು. ದಟ್ಟವಾದ ಕಾಡನ್ನು ಕಡಿದು ಹೊಲ ಮಾಡಬೇಕಾದ ಸನ್ನಿವೇಶದಲ್ಲಿ, 18ನೆಯ ಶತಮಾನದ ಅವಧಿಯಲ್ಲಿ, ಅಲ್ಲಿಯ ಕಮ್ಮಾರರು ಹಿಂಬದಿಯ ತೂಕವನ್ನು ಹೆಚ್ಚಿಸಿ ಬಾಯಿಯನ್ನು ಗಿಡ್ಡಗೊಳಿಸಿದರು. ತೂಕ ಕಣ್ಣಿನ ಎರಡೂ ಕಡೆಗೆ ಹಂಚಿಹೋಗಿ ಪೆಟ್ಟು ನಿಖರವಾಯಿತು. ಮುಂದೆ 19ನೆಯ ಶತಮಾನದಲ್ಲಿ ಎರಡು ಬಾಯಿಯ ಕೊಡಲಿ ವ್ಯಾಪಕವಾಗಿ ಬಳಕೆಗೆ ಬಂದಿತು. ಒಂದು ಬಾಯಿಯನ್ನು ಕಡಿಯಲು ಹರಿತವಾಗಿಟ್ಟು, ಇನ್ನೊಂದನ್ನು ಗಂಟು, ಬೇರುಗಳ ಒರಟು ಕೆಲಸಕ್ಕೆ ಮೀಸಲಿಡುವುದು ರೂಢಿಯಾಗಿತ್ತು.

1826ರಲ್ಲಿ ಕನೆಕ್ಟಿಕಟ್ ರಾಜ್ಯದಲ್ಲಿ ಆರಂಭವಾದ ಕಾಲಿನ್ಸ್ ಸಂಸ್ಥೆಯು ಕೊಡಲಿ ತಯಾರಿಕೆಯನ್ನು ಕುಲುಮೆಯಿಂದ ಕಾರ್ಖಾನೆಗೆ ತಂದವುಗಳಲ್ಲಿ ಪ್ರಮುಖವಾದುದು. ಅದುವರೆಗೆ ಕೊಂಡವರೇ ಸಾಣೆ ಹಿಡಿದುಕೊಳ್ಳಬೇಕಾಗಿದ್ದ ಕೊಡಲಿಯನ್ನು ಅದು ಹರಿತಗೊಳಿಸಿಯೇ ಮಾರಾಟ ಮಾಡಿತು. ಇದರ ಬೆಲೆಯನ್ನು ತೆತ್ತವರು ಕಾರ್ಮಿಕರು. ಕೊಡಲಿ ಕಾರ್ಖಾನೆಗಳ ಸಾಣೆಕಲ್ಲುಗಳಿಂದ ಏಳುತ್ತಿದ್ದ ಧೂಳು ಶ್ವಾಸಕೋಶದ ಮಾರಕ ಕಾಯಿಲೆಗೆ ಕಾರಣವಾಗುತ್ತಿತ್ತು. ಹಳೆಯ ಕೊಡಲಿಯ ನುಣುಪಾದ ಕೆನ್ನೆಯನ್ನು ಮೆಚ್ಚುವಾಗ ಈ ಸಂಗತಿಯನ್ನೂ ಅದರ ಚರಿತ್ರೆಯ ಭಾಗವಾಗಿ ಪರಿಗಣಿಸಬೇಕು.

ಎರಡನೆಯ ಮಹಾಯುದ್ಧದ ನಂತರ ಯಂತ್ರಗರಗಸ ಹಗುರವಾಗಿ, ಒಬ್ಬರೇ ಎತ್ತಬಲ್ಲಂತಾಗಿ, ಕೊಡಲಿಯ ಬೇಡಿಕೆ ಕುಸಿಯಿತು. ಕಾಲಿನ್ಸ್ ಸಂಸ್ಥೆ 1966ರಲ್ಲಿ ಮುಚ್ಚಿತು. ಕೊಟ್ಟಿಗೆಗಳಲ್ಲಿ ತುಕ್ಕು ಹಿಡಿದು ಬಿದ್ದ ತಲೆಗಳು ನಂತರದ ದಶಕಗಳಲ್ಲಿ ಸಂಗ್ರಾಹಕರ ಆಸಕ್ತಿಯ ವಸ್ತುಗಳಾದವು.

3. ಸಂಗ್ರಾಹಕರ ಓದು

ಹಳೆಯ ತಲೆಯನ್ನು ಕೈಗೆತ್ತಿಕೊಂಡ ಅನುಭವಿ ಸಂಗ್ರಾಹಕರು ಅದನ್ನು ಶಾಸನವೊಂದರಂತೆ ಓದುತ್ತಾರೆ ಎಂದರೆ ತಪ್ಪಾಗಲಾರದು. ಮೊದಲನೆಯದು ಮುದ್ರೆ: ತಯಾರಕರ ಹೆಸರು, ಲಾಂಛನ, ತೂಕದ ಅಂಕಿ. ಕಾಲಿನ್ಸ್ ಸಂಸ್ಥೆಯ ಕಿರೀಟ ಮತ್ತು ಸುತ್ತಿಗೆ ಹಿಡಿದ ತೋಳಿನ ಲಾಂಛನ ಇದಕ್ಕೆ ಪ್ರಸಿದ್ಧ ಉದಾಹರಣೆ. ಎರಡನೆಯದು ಬೆಸುಗೆಯ ಗೆರೆ. ಹಳೆಯ ಪದ್ಧತಿಯಲ್ಲಿ ಮೈಯನ್ನು ಮೆದು ಕಬ್ಬಿಣದಿಂದ ಮಾಡಿ ಬಾಯಿಗೆ ಮಾತ್ರ ಉಕ್ಕನ್ನು ಬೆಸೆಯುತ್ತಿದ್ದರು. ಉಕ್ಕು ದುಬಾರಿಯಾಗಿದ್ದುದರ ಜೊತೆಗೆ, ಮೆದುವಾದ ಮೈ ಪೆಟ್ಟಿನ ಆಘಾತವನ್ನು ತಾಳಿಕೊಳ್ಳುತ್ತಿದ್ದುದೂ ಇದಕ್ಕೆ ಕಾರಣ. ಮೂರನೆಯದು ಸವೆತ. ಬಾಯಿಯ ಒಂದು ಮೂಲೆ ಹೆಚ್ಚು ಸವೆದಿದ್ದರೆ ಅದು ಬೀಸಿನ ಅಥವಾ ಮಸೆಯುವ ಅಭ್ಯಾಸವನ್ನು ಸೂಚಿಸುತ್ತದೆ. ಹಿಂಬದಿಯು ಅಣಬೆಯಂತೆ ಹರಡಿದ್ದರೆ ಕೊಡಲಿಯನ್ನು ಸುತ್ತಿಗೆಯಾಗಿ ಬಳಸಿದ್ದಾರೆಂದು ತಿಳಿಯಬೇಕು.

ಸಂಗ್ರಾಹಕರಲ್ಲಿ ಎರಡು ದೃಷ್ಟಿಗಳಿವೆ. ಎಂದೂ ಬಳಸದ, ಕಾಗದದ ಚೀಟಿ ಅಂಟಿಕೊಂಡೇ ಉಳಿದಿರುವ ತಲೆಗೆ ಒಂದು ವರ್ಗವು ಹೆಚ್ಚಿನ ಬೆಲೆ ಕೊಡುತ್ತದೆ. ಇನ್ನೊಂದು ವರ್ಗಕ್ಕೆ ಕೊಡಲಿಯ ಸಾರ್ಥಕತೆ ಇರುವುದು ಕೆಲಸದಲ್ಲಿ. ಈ ಎರಡನೆಯವರು ತುಕ್ಕನ್ನು ತೆಗೆದು, ಬಾಯಿಯನ್ನು ಅರದಿಂದ ತಿದ್ದಿ, ಹೊಸ ಕಾವು ಕೂರಿಸುತ್ತಾರೆ. ಇಲ್ಲಿ ಅಪಾಯಗಳೂ ಇವೆ. ವೇಗವಾಗಿ ತಿರುಗುವ ಸಾಣೆಯಂತ್ರಕ್ಕೆ ಒತ್ತಿದಾಗ ಬಾಯಿ ಕಾದು ನೀಲಿಬಣ್ಣಕ್ಕೆ ತಿರುಗಿದರೆ ಉಕ್ಕಿನ ಹದ ಕೆಟ್ಟಿತೆಂದೇ ಅರ್ಥ. ಅತಿಯಾಗಿ ಉಜ್ಜಿದರೆ ಮುದ್ರೆಯೂ ಸುತ್ತಿಗೆಯ ಗುರುತುಗಳೂ ಅಳಿಯುತ್ತವೆ. ಪಠ್ಯ ಸಂಪಾದನೆಯಲ್ಲಿ ತಿದ್ದುಪಡಿಯ ಉತ್ಸಾಹವು ಮೂಲವನ್ನೇ ಮರೆಮಾಡುವ ಸಂದರ್ಭಗಳನ್ನು ಬಲ್ಲ ನಮಗೆ ಈ ಸಮಸ್ಯೆ ಅಪರಿಚಿತವಲ್ಲ.

4. ಕಾವಿನ ಪ್ರಶ್ನೆ

ಕಾವು ಮುರಿಯುತ್ತದೆ, ಹುಳು ಹಿಡಿಯುತ್ತದೆ, ಬದಲಾಗುತ್ತದೆ. ಆದ್ದರಿಂದ ಬಹುಪಾಲು ಹಳೆಯ ಕೊಡಲಿಗಳು ತಲೆಗಳಾಗಿ ಮಾತ್ರ ಉಳಿದಿವೆ. ಅಮೆರಿಕದಲ್ಲಿ ಕಾವಿಗೆ ಹಿಕರಿ ಮರ ಪ್ರಶಸ್ತವೆನಿಸಿದೆ. ಗಟ್ಟಿತನದೊಂದಿಗೆ ಬಾಗುವ ಗುಣವೂ ಅದರಲ್ಲಿದೆ. ಕಾವನ್ನು ಆರಿಸುವಾಗ ಅದರ ತುದಿಯಲ್ಲಿ ಕಾಣುವ ಬೆಳವಣಿಗೆಯ ಗೆರೆಗಳು ಬಾಯಿಯ ನೇರಕ್ಕೆ ಸಮಾಂತರವಾಗಿರಬೇಕು. ಎಳೆಯು ಉದ್ದಕ್ಕೂ ಸಾಗಬೇಕೇ ಹೊರತು ನಡುವೆ ಪಕ್ಕಕ್ಕೆ ಜಾರಿಹೋಗಬಾರದು. ಬಿಳಿಯ ಹೊರಮರದ ಕಾವೇ ಶ್ರೇಷ್ಠವೆಂಬ ನಂಬಿಕೆ ವ್ಯಾಪಾರದಲ್ಲಿ ಬಹುಕಾಲ ಇತ್ತು. ಸಮಾನ ತೂಕದ ಕೆಂಪು ಒಳಮರವೂ ಅಷ್ಟೇ ಬಲವುಳ್ಳದ್ದೆಂದು ಅಮೆರಿಕದ ಅರಣ್ಯೋತ್ಪನ್ನ ಪ್ರಯೋಗಾಲಯದ ಪರೀಕ್ಷೆಗಳು ತೋರಿಸಿಕೊಟ್ಟವು.

ಕಾವಿನ ಅಳತೆಯು ಬಳಸುವವರ ಮೈಕಟ್ಟು ಮತ್ತು ಕೆಲಸ ಎರಡನ್ನೂ ಅವಲಂಬಿಸಿದೆ. ದೊಡ್ಡ ಮರ ಉರುಳಿಸುವ ಕೊಡಲಿಗೆ ಸುಮಾರು 1.6 ಕಿಲೋಗ್ರಾಂ ತೂಕದ ತಲೆ, 90 ಸೆಂಟಿಮೀಟರ್ ಕಾವು ಸಾಮಾನ್ಯ. ಕಾಡಿನಲ್ಲಿ ಹೊತ್ತು ನಡೆಯುವವರಿಗೆ 50 ಸೆಂಟಿಮೀಟರ್ ಆಸುಪಾಸಿನ ಹಗುರವಾದ ಕೊಡಲಿ ಸಾಕು. ಆದರೆ ಕಾವು ಚಿಕ್ಕದಾದಷ್ಟೂ ಗುರಿತಪ್ಪಿದ ಪೆಟ್ಟು ನೆಲಕ್ಕೆ ಬೀಳುವ ಬದಲು ಕಾಲಿನತ್ತ ಬರುವ ಸಂಭವ ಹೆಚ್ಚು. ಅದಕ್ಕಾಗಿಯೇ ಚಿಕ್ಕ ಕೊಡಲಿಯನ್ನು ಮಂಡಿಯೂರಿ ಬಳಸುವ ಕ್ರಮವಿದೆ. ಈ ತಿಳಿವಳಿಕೆ ಕಬ್ಬಿಣದಲ್ಲಿಲ್ಲ. ಕಾವು ಮತ್ತು ದೇಹದ ಸಂಬಂಧದಲ್ಲಿದೆ.

ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ದೊರೆತ, ‘ಓಟ್ಸಿ’ ಎಂದು ಹೆಸರಾದ ಸುಮಾರು 5,300 ವರ್ಷಗಳ ಹಿಂದಿನ ಮನುಷ್ಯನ ದೇಹದ ಬಳಿ ತಾಮ್ರದ ಕೊಡಲಿಯೂ ಇತ್ತು. ಯೂ ಮರದ ಕಾವು, ಅಂಟಿಸಿದ ಬರ್ಚ್ ಮರದ ಜಿಗುಟು, ಸುತ್ತಿದ ತೊಗಲಿನ ಪಟ್ಟಿ ಎಲ್ಲವೂ ಹಾಗೆಯೇ ಉಳಿದಿದ್ದವು. ಆ ಕೊಡಲಿಗೆ ವಿಶೇಷ ಮಹತ್ವ ಬಂದಿರುವುದು ತಾಮ್ರದಿಂದ ಮಾತ್ರವಲ್ಲ, ಹಿಮವು ಅದರ ಕಾವನ್ನೂ ಕಾಪಾಡಿದ್ದರಿಂದ.

5. ಬಳಕೆಯೇ ಸಂರಕ್ಷಣೆ

ಬಳಕೆಯ ಮೂಲಕ ಜ್ಞಾನ ಉಳಿದ ಎರಡು ನಿದರ್ಶನಗಳು ಇಲ್ಲಿ ಉಲ್ಲೇಖಾರ್ಹ. ಅಮೆರಿಕದ 1964ರ ವನ್ಯಪ್ರದೇಶ ಕಾಯಿದೆಯು ಘೋಷಿತ ವನ್ಯಪ್ರದೇಶಗಳಲ್ಲಿ ಮೋಟಾರು ಯಂತ್ರಗಳ ಬಳಕೆಯನ್ನು ಸಾಮಾನ್ಯವಾಗಿ ನಿಷೇಧಿಸಿತು. ಕಾಲುದಾರಿಗೆ ಅಡ್ಡಬಿದ್ದ ಮರಗಳನ್ನು ಅಲ್ಲಿ ಕೈಗರಗಸ, ಕೊಡಲಿಗಳಿಂದಲೇ ತೆರವುಗೊಳಿಸಬೇಕಾಯಿತು. ಇದರಿಂದಾಗಿ ಅರಣ್ಯ ಸೇವೆಯು ಹಳೆಯ ಕೌಶಲವನ್ನು ಕಲಿಸುವ ವ್ಯವಸ್ಥೆಯನ್ನು ಉಳಿಸಿಕೊಂಡಿತು. 1999ರಲ್ಲಿ ಕೊಡಲಿಯ ಆರೈಕೆ ಮತ್ತು ಬಳಕೆಯನ್ನು ಕುರಿತ ಕೈಪಿಡಿಯನ್ನೂ ಪ್ರಕಟಿಸಿತು. ಕಾಡನ್ನು ರಕ್ಷಿಸಲು ರೂಪಿಸಿದ ಕಾಯಿದೆ ಕೊಡಲಿಯ ವಿದ್ಯೆಯನ್ನೂ ರಕ್ಷಿಸಿತೆಂಬುದು ಗಮನಾರ್ಹ.

ಎರಡನೆಯದು ಸ್ವೀಡನ್ನಿನ ಗ್ರಾನ್ಸ್‌ಫೋರ್ಸ್ ಗ್ರಾಮದ ಕುಲುಮೆ. 1902ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ 1980ರ ದಶಕದಲ್ಲಿ ದಿವಾಳಿಯಾಗಿ, ಗೇಬ್ರಿಯಲ್ ಬ್ರಾನ್‌ಬಿ ಅವರ ನೇತೃತ್ವದಲ್ಲಿ ಮರುಹುಟ್ಟು ಪಡೆಯಿತು. ದೋಷವನ್ನು ಮುಚ್ಚುವ ಬಣ್ಣ ಮತ್ತು ಅನಗತ್ಯ ಸಾಣೆ ಕೈಬಿಟ್ಟು, ಕುಲುಮೆಯಿಂದ ಬಂದ ಮೈಯನ್ನು ಹಾಗೆಯೇ ಉಳಿಸಲಾಯಿತು. ಕಮ್ಮಾರನ ಹೆಸರಿನ ಮೊದಲಕ್ಷರಗಳನ್ನು ಪ್ರತಿ ತಲೆಯ ಮೇಲೂ ಒತ್ತುವ ಪದ್ಧತಿ ಬಂದಿತು. ಸಂಸ್ಥೆಯ ಮುದ್ರೆಯ ಜೊತೆಗೆ ಕೆಲಸಗಾರನ ಅಂಕಿತವೂ ಸೇರಿದುದು ಇಲ್ಲಿಯ ವಿಶೇಷ.

6. ಕನ್ನಡದ ಸಂದರ್ಭ

ಈ ಚರ್ಚೆಗೆ ಕರ್ನಾಟಕದೊಂದಿಗೆ ನೇರ ಸಂಬಂಧವಿದೆ. ಬಳ್ಳಾರಿಯ ಸಂಗನಕಲ್ಲು-ಕುಪ್ಪಗಲ್ಲು ಬೆಟ್ಟಗಳು ದಕ್ಷಿಣ ಭಾರತದ ನವಶಿಲಾಯುಗದ ಕಲ್ಲುಗೊಡಲಿ ತಯಾರಿಕೆಯ ಬಹುದೊಡ್ಡ ನೆಲೆಗಳಲ್ಲಿ ಸೇರಿವೆ. ಇಲ್ಲಿಯ ಡೊಲರೈಟ್ ಕಲ್ಲಿನ ಕೊಡಲಿಗಳನ್ನು 19ನೆಯ ಶತಮಾನದಲ್ಲಿಯೇ ಗುರುತಿಸಿದ ರಾಬರ್ಟ್ ಬ್ರೂಸ್ ಫೂಟ್ ಅವರ ಸಂಗ್ರಹ ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. 1947ರಲ್ಲಿ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದ ಮಾರ್ಟಿಮರ್ ವ್ಹೀಲರ್ ಅಲ್ಲಿಯ ಪ್ರಾಚೀನ ಸ್ತರದ ಸಂಸ್ಕೃತಿಯನ್ನು ಕಲ್ಲುಗೊಡಲಿಯ ಹೆಸರಿನಿಂದಲೇ ಕರೆದರು. ಆದರೆ ಈ ನೆಲೆಗಳಲ್ಲಿ ಉಳಿದಿರುವುದು ಕಲ್ಲಿನ ತಲೆಗಳು, ಕಾವುಗಳು ಮಣ್ಣಾಗಿವೆ.

ಇದರಿಂದ ಹೆಸರಿನ ಸಮಸ್ಯೆಯೇ ಎದುರಾಗುತ್ತದೆ. ಬಾಯಿಯು ಕಾವಿಗೆ ಸಮಾಂತರವಾಗಿದ್ದರೆ ಅದು ಕೊಡಲಿ, ಅಡ್ಡಲಾಗಿದ್ದರೆ ಬಾಚಿ. ತಲೆ ಮಾತ್ರ ದೊರೆತಾಗ ಬಾಯಿಯ ಓರೆ, ಸವೆತಗಳ ಆಧಾರದಿಂದ ಊಹಿಸಬಹುದೇ ವಿನಾ ಖಚಿತವಾಗಿ ಹೇಳುವುದು ಸುಲಭವಲ್ಲ. ಅಂದರೆ ಕನ್ನಡದಲ್ಲಿ ಕೊಡಲಿ ಮತ್ತು ಬಾಚಿ ಎಂಬ ಎರಡು ಪದಗಳ ಭೇದವು ನಿಂತಿರುವುದು ಕಾವಿನ ಮೇಲೆ. ಕಾವು ಕಳೆದರೆ ವಸ್ತುವಿನೊಂದಿಗೆ ಪದದ ಅರ್ಥವೂ ಅಸ್ಪಷ್ಟವಾಗುತ್ತದೆ.

ಸಾವಿರಾರು ವರ್ಷಗಳ ಹಿಂದಿನ ಕಾವುಗಳನ್ನು ಕಾಲ ಕಸಿದುಕೊಂಡಿದೆ. ಈಗಿನವನ್ನು ನಾವೇ ಕಳೆದುಕೊಳ್ಳುವ ಸ್ಥಿತಿಯಿದೆ. ಹಳ್ಳಿಯ ಕುಲುಮೆಗಳು ಕಡಿಮೆಯಾಗಿವೆ, ಪೇಟೆಯಲ್ಲಿ ಸಿದ್ಧ ಕೊಡಲಿಗಳು ದೊರೆಯುತ್ತವೆ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ, ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ ಮೊದಲಾದವು ದುಡಿಮೆಯ ಉಪಕರಣಗಳಿಗೂ ಗೌರವದ ಸ್ಥಾನ ಕಲ್ಪಿಸಿವೆ. ಆ ಕಾರ್ಯದ ಮುಂದುವರಿಕೆಯಾಗಿ ಕ್ಷೇತ್ರಕಾರ್ಯದಲ್ಲಿ ತೊಡಗಿದ ಸಂಶೋಧಕರು ಪ್ರತಿ ಕೊಡಲಿಯ ಬಗೆಗೂ ಕೆಲವು ವಿವರಗಳನ್ನು ದಾಖಲಿಸುವುದು ಅಗತ್ಯ: ತಲೆಯ ತೂಕ, ಬಾಯಿಯ ಅಗಲ, ಕಾವಿನ ಉದ್ದ, ಕಾವಿನ ಮರಕ್ಕೆ ಆ ಊರಿನ ಹೆಸರು, ಆ ಮರವನ್ನೇ ಆರಿಸಿದ ಕಾರಣ, ಬೆಣೆ ಹೊಡೆಯುವ ರೀತಿ, ಹಣಿಸುವ ಮತ್ತು ಮಸೆಯುವ ಕ್ರಮ, ಬಳಸಿದವರ ಕೆಲಸ. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು 1995ರಲ್ಲಿ ಎಂಟು ಸಂಪುಟಗಳಲ್ಲಿ ಪೂರ್ಣಗೊಂಡು ಸಾಹಿತ್ಯ, ಶಾಸನಗಳ ಪದಸಂಪತ್ತನ್ನು ಒದಗಿಸಿದೆ. ಬರಹಕ್ಕೆ ಬಾರದೆ ಕೈಯಲ್ಲಿಯೇ ಉಳಿದ ಪದಗಳನ್ನು ಕೈಯಿರುವಲ್ಲಿಗೇ ಹೋಗಿ ಕೇಳಬೇಕು.

ಕೊಡಲಿಯ ಗುಣಗ್ರಹಣವೆಂದರೆ ಮರ ಕಡಿಯುವುದರ ಸಮರ್ಥನೆಯಲ್ಲ ಎಂಬುದನ್ನೂ ಇಲ್ಲಿ ಸ್ಪಷ್ಟಪಡಿಸಬೇಕು. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯಿದೆಯು ಮರ ಕಡಿಯುವುದನ್ನು ನಿಯಂತ್ರಿಸುತ್ತದೆ. ಸೌದೆ ಸೀಳುವುದು, ಒಣಗಿದ ರೆಂಬೆ ಸವರುವುದು, ಕಾವು ಕೆತ್ತುವುದು ಇಷ್ಟರಲ್ಲಿಯೇ ದಾಖಲಿಸಬೇಕಾದ ಅಪಾರ ಜ್ಞಾನವಿದೆ.

ಒಟ್ಟಿನಲ್ಲಿ, ಸಂಗ್ರಹದ ಘಟಕ ಕಬ್ಬಿಣದ ತಲೆಯಲ್ಲ. ತಲೆ, ಕಾವು, ಬಳಸುವ ಕೈ ಮತ್ತು ಅವುಗಳನ್ನು ಹೆಸರಿಸುವ ನುಡಿ ಇವು ನಾಲ್ಕೂ ಸೇರಿದ ಘಟಕ. ತಲೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡಬಹುದು. ಉಳಿದ ಮೂರನ್ನು ಬಲ್ಲವರು ಇರುವಾಗಲೇ ಕೇಳಿ ಬರೆದುಕೊಳ್ಳಬೇಕಾಗಿದೆ.